ಪ್ರಗತಿಯ ಪ್ರತಿಮೆ
ಬೆಂಗಳೂರಿನ ಹೊರವಲಯದ ದೇವನಹಳ್ಳಿ ಬಳಿ, ವಿಮಾನ ನಿಲ್ದಾಣದ ಆವರಣದಲ್ಲಿರುವ ನಾಡಪ್ರಭು ಕೆಂಪೇಗೌಡರ 108 ಅಡಿ ಎತ್ತರದ ಕಂಚಿನ ಪ್ರತಿಮೆ. ರಾಜ್ಯ ಸರ್ಕಾರ ಮಾಡಿಸಿದ ಇದರ ಶಿಲ್ಪಿ, ಗುಜರಾತಿನ ಏಕತಾ ಪ್ರತಿಮೆಯನ್ನೂ ರೂಪಿಸಿದ ರಾಮ್ ವಂಜಿ ಸುತಾರ್.

2020ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಯಿತು. 98 ಟನ್ ಕಂಚು, 120 ಟನ್ ಉಕ್ಕು ಬಳಕೆಯಾಗಿದೆ. ಖಡ್ಗವೊಂದೇ ನಾಲ್ಕು ಟನ್. 2022ರ ಮೇ ತಿಂಗಳಲ್ಲಿ ಅದು ದೆಹಲಿಯಿಂದ ಲಾರಿಯೇರಿ ಬಂದಾಗ ಪೂಜೆ ಮಾಡಿ ಬರಮಾಡಿಕೊಳ್ಳಲಾಯಿತು. ರಾಜ್ಯದ 22,000ಕ್ಕೂ ಹೆಚ್ಚು ಸ್ಥಳಗಳ ಮೃತ್ತಿಕೆಯೂ ಇಲ್ಲಿಗೆ ಸೇರಿದೆ.

2022ರ ನವೆಂಬರ್ 11ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣಗೊಳಿಸಿದರು.

ಚಿಕ್ಕಪೇಟೆ, ಬಳೇಪೇಟೆಗಳಂಥ ವ್ಯಾಪಾರದ ಬೀದಿಗಳನ್ನು ಕಟ್ಟಿಸಿದ ಕೆಂಪೇಗೌಡರ ಅತಿ ದೊಡ್ಡ ಪ್ರತಿಮೆ ಆ ಪೇಟೆಗಳಿಂದ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರ ನಿಂತಿರುವುದು ತುಸು ವಿಚಿತ್ರವೇ. ಆದರೆ ಸುತ್ತಲಿನ 23 ಎಕರೆ ಉದ್ಯಾನಕ್ಕೆ ಹಳೇ ಪೇಟೆಯಲ್ಲಿ ಜಾಗವೆಲ್ಲಿ?