ರೋಟರಿ ಎಂಜಿನ್: ದೋಷ ಹುಡುಕಿದವರ ಚರಿತ್ರೆ

ಶಿವಮೊಗ್ಗದ ಬಳಿಯ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಆಮೇಲೆ ಶಿವಮೊಗ್ಗದ ಎಂಜಿನಿಯರಿಂಗ್ ಹುಡುಗರ ಬಾಯಲ್ಲಿ, ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನ ಮೆಕ್ಯಾನಿಕ್‌ಗಳ ಬಾಯಲ್ಲಿ ವಿಮಾನದ ಮಾತು ಸಲೀಸಾಗಿ ಬರುತ್ತಿದೆ. ಸ್ವಂತ ಕೈಯಿಂದ ಒಂದು ಪುಟ್ಟ ವಿಮಾನ ಕಟ್ಟಿದರೆ ಅದಕ್ಕೆ ಯಾವ ಎಂಜಿನ್ ಹಾಕುವುದು ಎಂದು ಕೇಳಿ ನೋಡಿ. ಯಾರಾದರೊಬ್ಬರು ಮಾಜ್ದಾ ಕಾರಿನ ರೋಟರಿ ಎಂಜಿನ್ ಹೆಸರು ಎತ್ತುತ್ತಾರೆ. ತೂಕ ಕಡಿಮೆ, ಶಕ್ತಿ ಹೆಚ್ಚು, ಹಿಂದೆ ಮುಂದೆ ಓಡುವ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಇಷ್ಟು ಕೇಳಿದ ಮೇಲೆ ಆಸೆ ಹುಟ್ಟುವುದು ಸಹಜ.

ಈ ಎಂಜಿನ್ನಿನ ಚರಿತ್ರೆ ಓದುತ್ತ ಹೋದರೆ ಕಾಣುವುದು ಒಂದರ ಹಿಂದೊಂದು ಬಂದ ದೋಷಗಳು ಮತ್ತು ಹಠ ಹಿಡಿದು ಅವುಗಳ ಬೇರು ಹುಡುಕಿದ ಜನ. ಮುಖ್ಯ ದೋಷಗಳಿಗೆ ಮದ್ದು ಸಿಕ್ಕಿದ್ದು ಲೋಹದಲ್ಲಿ, ಲೇಪನದಲ್ಲಿ, ಎರಕದಲ್ಲಿ. ಎರಕದ ಊರಾದ ಶಿವಮೊಗ್ಗ, ಉಕ್ಕಿನ ಊರಾದ ಭದ್ರಾವತಿ ಈ ಚರಿತ್ರೆಯನ್ನು ಗಮನವಿಟ್ಟು ಓದಬೇಕು ಎಂಬುದು ನನ್ನ ಮಾತು.

ರೋಟರಿ ಎಂಬ ಹೆಸರಿನಲ್ಲಿ ಮೊದಲು ಬಂದದ್ದು ಬೇರೆಯೇ ಯಂತ್ರ. ಫ್ರಾನ್ಸಿನ ಸೆಗಾನ್ ಸಹೋದರರ ನೋಮ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟ್ ನಿಂತಲ್ಲೇ ನಿಂತು, ಸಿಲಿಂಡರ್‌ಗಳೇ ಪ್ರೊಪೆಲ್ಲರ್ ಜೊತೆ ಗಿರಗಿರನೆ ಸುತ್ತುತ್ತಿದ್ದವು. ಒಳಗೆ ಹಾಕುತ್ತಿದ್ದದ್ದು ಹರಳೆಣ್ಣೆ. ಬಳಸಿದ ಎಣ್ಣೆಯೆಲ್ಲ ಹೊಗೆಯೊಂದಿಗೆ ಹೊರಗೆ ಚೆಲ್ಲಿ ಹೋಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ನಮ್ಮವರೇ ಆದ ಹರ್ದಿತ್ ಸಿಂಗ್ ಮಲಿಕ್ ಹಾರಿಸಿದ ಸಾಪ್‌ವಿತ್ ಕ್ಯಾಮೆಲ್ ವಿಮಾನದಲ್ಲಿದ್ದದ್ದು ಈ ಜಾತಿಯ ಎಂಜಿನ್. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಅದು ಮರೆಯಾಯಿತು. ಇಂದು ರೋಟರಿ ಎಂದರೆ ಜರ್ಮನಿಯ ಫೆಲಿಕ್ಸ್ ವಾಂಕೆಲ್ ಕಂಡ ಎಂಜಿನ್.

ಎರಡು ಬೀಜದ ಕಡಲೆಕಾಯಿಯ ಹಾಗೆ ನಡುವಲ್ಲಿ ತುಸು ಒಳಸರಿದ ಒಂದು ಕುಳಿ. ಅದರೊಳಗೆ ಮೂರು ಮೂಲೆಯ ಒಂದು ರೋಟರ್. ಮೂರು ಮೂಲೆಗಳೂ ಕುಳಿಯ ಗೋಡೆಯನ್ನು ಸದಾ ಮುಟ್ಟಿಕೊಂಡೇ ಸುತ್ತುತ್ತವೆ. ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ತಿರುಗಿರುತ್ತದೆ. ಎಳೆಯುವುದು, ಒತ್ತುವುದು, ಸಿಡಿಯುವುದು, ಉಗುಳುವುದು ನಾಲ್ಕೂ ಕೆಲಸ ಮೂರು ಮುಖಗಳಲ್ಲಿ ಸರದಿಯಂತೆ ನಡೆಯುತ್ತಿರುತ್ತವೆ. ಎನ್‌ಎಸ್‌ಯು ಕಂಪನಿಯಲ್ಲಿ ಇದರ ಮೊದಲ ಮಾದರಿ ಓಡಿದ್ದು 1957ರ ಫೆಬ್ರವರಿ 1ರಂದು. ಇಂದಿನ ರೂಪ ಕೊಟ್ಟವರು ಅದೇ ಕಂಪನಿಯ ಹಾನ್ಸ್ ಡೀಟರ್ ಪಾಶ್ಕೆ.

ಮೊದಲ ದೋಷ ಬೇಗನೆ ಬಯಲಾಯಿತು. ಮೂಲೆಗಳಲ್ಲಿ ಕೂರಿಸಿದ ಪಟ್ಟಿಗಳಿಗೆ ಅಪೆಕ್ಸ್ ಸೀಲ್ ಎನ್ನುತ್ತಾರೆ. ಪಿಸ್ಟನ್ ಎಂಜಿನ್ನಿನಲ್ಲಿ ರಿಂಗ್ ಮಾಡುವ ಕೆಲಸ ಇಲ್ಲಿ ಅವುಗಳದ್ದು. ಓಡುವಾಗ ಅವು ಅದುರಿ, ಕುಳಿಯ ಗೋಡೆಯ ಮೇಲೆ ಅಲೆಅಲೆಯಾಗಿ ಗೀರು ಕೊರೆಯುತ್ತಿದ್ದವು. 1961ರಲ್ಲಿ ಪರವಾನಗಿ ಪಡೆದ ಹಿರೋಶಿಮಾದ ಮಾಜ್ದಾದ ಎಂಜಿನಿಯರುಗಳು ಆ ಗೀರುಗಳನ್ನು ದೆವ್ವದ ಉಗುರಿನ ಗುರುತು ಎಂದು ಕರೆದರು. ಕೆನಿಚಿ ಯಾಮಾಮೊಟೊ ನೇತೃತ್ವದ ತಂಡ ಹಲವು ಬಗೆಯ ವಸ್ತುಗಳನ್ನು ಪರೀಕ್ಷಿಸಿ, ಕೊನೆಗೆ ಅಲ್ಯೂಮಿನಿಯಂ ಊಡಿಸಿದ ಕಾರ್ಬನ್ ಸೀಲಿಗೆ ಬಂದು ನಿಂತಿತು. 1967ರಲ್ಲಿ ಕಾಸ್ಮೋ ಸ್ಪೋರ್ಟ್ ಕಾರು ರಸ್ತೆಗಿಳಿದದ್ದು ಆ ಸೀಲಿನ ಬಲದಿಂದ. ಅದೇ ವರ್ಷ ಎನ್‌ಎಸ್‌ಯು ತಂದ ರೋ 80 ಕಾರಿನ ಸೀಲುಗಳು ಬೇಗ ಸವೆದವು. ವಾರಂಟಿಯ ಭಾರಕ್ಕೆ ಕಂಪನಿ ಕುಸಿಯಿತು. ಆದರೂ ಜರ್ಮನಿಯಲ್ಲಿ ಆ ಹೊತ್ತಿಗೆ ಹುಟ್ಟಿದ ಒಂದು ವಿದ್ಯೆ ಉಳಿಯಿತು. ಅಲ್ಯೂಮಿನಿಯಂ ಗೋಡೆಗೆ ನಿಕ್ಕಲ್ ಲೇಪಿಸಿ, ಅದರೊಳಗೆ ಸಿಲಿಕಾನ್ ಕಾರ್ಬೈಡಿನ ಸಣ್ಣ ಕಣಗಳನ್ನು ಹುದುಗಿಸುವುದು. ಈ ಲೇಪನ ಮುಂದೆ ಬೆಂಗಳೂರಿನ ಕಥೆಯಲ್ಲೂ ಬರುತ್ತದೆ.

ವಿಮಾನಕ್ಕೆ ವಾಂಕೆಲ್ ಎಂಜಿನ್ ಹತ್ತಿಸಿದವರಲ್ಲಿ ಮೊದಲಿಗರು ಅಮೆರಿಕದವರು. ಕರ್ಟಿಸ್-ರೈಟ್ ಕಂಪನಿಯ ಎಂಜಿನ್ನನ್ನು ಲಾಕ್‌ಹೀಡ್ 1960ರ ದಶಕದ ಕೊನೆಗೆ ಕ್ಯೂ-ಸ್ಟಾರ್ ಎಂಬ ಸದ್ದಿಲ್ಲದ ವಿಮಾನದಲ್ಲಿ ಪರೀಕ್ಷಿಸಿತು. ಬ್ರಿಟನ್ನಿನಲ್ಲಿ ನಾರ್ಟನ್ ಮೋಟಾರ್‌ಸೈಕಲ್ಲಿನ ರೋಟರಿಯಿಂದ ಮಿಡ್‌ವೆಸ್ಟ್ ಎಂಬ ಹಗುರ ವಿಮಾನದ ಎಂಜಿನ್ ಬಂತು. ವಾಂಕೆಲ್ ಎಂಜಿನ್ ನಿಜವಾಗಿ ಬೇರು ಬಿಟ್ಟದ್ದು ಮಾತ್ರ ಎರಡು ಕಡೆ: ಮನೆಯ ಶೆಡ್ಡಿನಲ್ಲಿ ವಿಮಾನ ಕಟ್ಟುವವರ ಕೈಯಲ್ಲಿ ಮತ್ತು ಪೈಲಟ್ ಇಲ್ಲದ ಸೇನಾ ವಿಮಾನಗಳಲ್ಲಿ.

ಶೆಡ್ಡಿನವರಿಗೆ ಸಿಕ್ಕಿದ್ದು ಮಾಜ್ದಾ ಆರ್‌ಎಕ್ಸ್-7 ಕಾರಿನ 13ಬಿ ಎಂಜಿನ್. ಎರಡು ರೋಟರ್, ಒಂದೊಂದು 654 ಸಿಸಿ. ಅಮೆರಿಕದ ಟ್ರೇಸಿ ಕ್ರೂಕ್ ಇದನ್ನು ತಮ್ಮ ಆರ್‌ವಿ-4 ವಿಮಾನಕ್ಕೆ ಕೂರಿಸಿ ವರ್ಷಗಟ್ಟಲೆ ಹಾರಿಸಿದರು, ಬೇಕಾದ ಬಿಡಿಭಾಗ ತಾವೇ ತಯಾರಿಸಿ ಮಾರಿದರು. ಎಂಜಿನ್ ಶಕ್ತಿ ಕೊಡುವುದು ನಿಮಿಷಕ್ಕೆ 6,000 ಸುತ್ತಿನ ಆಸುಪಾಸಿನಲ್ಲಿ. ಪ್ರೊಪೆಲ್ಲರಿಗೆ ಅಷ್ಟು ವೇಗ ಆಗದು. ಹಾಗಾಗಿ ನಡುವೆ ಗೇರು ಬೇಕು. ಕ್ರೂಕ್ ಮೊದಲು 2.17ಕ್ಕೆ 1, ಆಮೇಲೆ 2.85ಕ್ಕೆ 1ರ ಗೇರು ಮಾಡಿದರು. ಎರಡನೆಯದರಲ್ಲಿ ಪ್ರೊಪೆಲ್ಲರ್ ಸುಮಾರು 2,100 ಸುತ್ತಿಗೆ ಇಳಿಯುತ್ತದೆ; ಉದ್ದನೆಯ ಪ್ರೊಪೆಲ್ಲರ್ ಹಾಕಬಹುದು.

ಇಂಥ ಶೆಡ್ಡಿನವರ ಅನುಭವದಿಂದ ಮೂಡಿದ ದೋಷ ಹುಡುಕುವ ಕ್ರಮವೇ ಈ ಚರಿತ್ರೆಯ ಸತ್ವ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಪಿಕಪ್ ಇಲ್ಲ, ಸ್ಟಾರ್ಟ್ ಆಗುವುದು ಕಷ್ಟ ಎಂದರೆ ಮೊದಲು ನೋಡಬೇಕಾದದ್ದು ಕಂಪ್ರೆಷನ್. ಇಲ್ಲಿ ಗ್ಯಾರೇಜಿನ ಮಾಮೂಲು ಗೇಜು ಮೋಸ ಮಾಡುತ್ತದೆ. ಮೂರು ಮುಖಗಳಲ್ಲಿ ಚೆನ್ನಾಗಿರುವ ಒಂದರ ಒತ್ತಡವನ್ನು ಹಿಡಿದಿಟ್ಟುಕೊಂಡು ಅದನ್ನೇ ತೋರಿಸುತ್ತದೆ. ಉಳಿದೆರಡು ಸತ್ತಿದ್ದರೂ ಗೊತ್ತಾಗುವುದಿಲ್ಲ. ಅದಕ್ಕೆ ಪೆಟ್ರೋಲು, ಕಿಡಿ ಎರಡನ್ನೂ ಬಂದ್ ಮಾಡಿ, ಒಂದು ಪ್ಲಗ್ ಬಿಚ್ಚಿ, ಸ್ಟಾರ್ಟರ್ ತಿರುಗಿಸಿ ಕಿವಿಗೊಡಬೇಕು. ಫುಸ್, ಫುಸ್, ಫುಸ್ ಎಂದು ಮೂರೂ ಒಂದೇ ಸಮ ಬಂದರೆ ಆ ರೋಟರ್ ಸರಿಯಿದೆ. ಒಂದು ಮಾತ್ರ ಸೊರಗಿದ್ದರೆ ಆ ಮುಖದ ಪಕ್ಕದ ಸೀಲಿನ ಮೇಲೆ ಅನುಮಾನ. ಎರಡು ಸೊರಗಿದ್ದರೆ ಅವೆರಡರ ನಡುವಿನ ಅಪೆಕ್ಸ್ ಸೀಲ್ ಹೋಗಿದೆ, ಏಕೆಂದರೆ ಆ ಒಂದು ಪಟ್ಟಿ ಎರಡು ಮುಖಗಳಿಗೂ ಗೋಡೆ. ಎಂಜಿನ್ ಬಿಚ್ಚದೆಯೇ ಕಿವಿಯಿಂದ ಇಷ್ಟು ತಿಳಿಯಬಹುದು. ಅಳತೆಯೇ ಬೇಕೆಂದರೆ ಮೂರೂ ಮುಖಗಳನ್ನು ಬೇರೆಬೇರೆ ತೋರಿಸುವ ಗೇಜಿನಲ್ಲಿ, 250 ಸುತ್ತಿನಲ್ಲಿ, ಚದರ ಸೆಂಟಿಮೀಟರಿಗೆ 6 ಕೆ.ಜಿ.ಗಿಂತ ಕಡಿಮೆ ಬರಬಾರದು, ಮುಖಗಳ ನಡುವೆ 1.5ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಕಂಪ್ರೆಷನ್ ಬಿದ್ದಿದೆ ಎಂದ ಕೂಡಲೇ ಎಂಜಿನ್ ಬಿಚ್ಚುವ ಅವಸರವೂ ಬೇಡ. ಹೆಚ್ಚು ಪೆಟ್ರೋಲು ಕುಡಿದು ಎಂಜಿನ್ ಫ್ಲಡ್ ಆಗಿದ್ದರೆ ಗೋಡೆಯ ಮೇಲಿನ ಎಣ್ಣೆಯ ಪೊರೆ ತೊಳೆದುಹೋಗಿ ಸೀಲು ಹಿಡಿಯುವುದಿಲ್ಲ. ಪ್ಲಗ್ ಬಿಚ್ಚಿ, ಸ್ಟಾರ್ಟರ್ ತಿರುಗಿಸಿ ಪೆಟ್ರೋಲು ಉಗುಳಿಸಿ, ಒಂದಿಷ್ಟು ಎಣ್ಣೆ ಬಿಟ್ಟರೆ ಸತ್ತಂತಿದ್ದ ಎಂಜಿನ್ ಎದ್ದು ಕೂರುತ್ತದೆ. ವಿಮಾನದಲ್ಲಿ ಬಳಸುವವರಲ್ಲಿ ಅನೇಕರು ಮಾಜ್ದಾದ ಎಣ್ಣೆ ಪಂಪನ್ನೇ ತೆಗೆದುಹಾಕಿ, ಲೀಟರ್ ಪೆಟ್ರೋಲಿಗೆ ಸುಮಾರು 8 ಮಿ.ಲೀ. ಟೂ-ಸ್ಟ್ರೋಕ್ ಎಣ್ಣೆ ಬೆರೆಸುತ್ತಾರೆ. ಶುದ್ಧ ಎಣ್ಣೆ ಸೀಲಿಗೆ ನೇರ ಸಿಗುತ್ತದೆ, ಪಂಪು ಕೈಕೊಡುವ ಭಯವೂ ಇಲ್ಲ.

ಎರಡನೆಯದು ಬಿಸಿ. ಹಾರುವ ರೋಟರಿಗಳನ್ನು ನೆಲಕ್ಕಿಳಿಸಿದ ಕಾರಣಗಳಲ್ಲಿ ಇದೇ ದೊಡ್ಡದೆಂದು ನನ್ನ ಅಂದಾಜು. ಈ ಎಂಜಿನ್ನಿನ ರೋಟರಿಗೆ ಒಳಗಿನಿಂದ ತಂಪು ಕೊಡುವುದು ಎಣ್ಣೆ. ಹೊರಗೆ ಹೋಗಬೇಕಾದ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಎಣ್ಣೆಯ ಮೂಲಕವೇ ಹೋಗಬೇಕು. ಅದನ್ನು ಮರೆತು ನೀರಿನ ರೇಡಿಯೇಟರನ್ನಷ್ಟೇ ದೊಡ್ಡದು ಮಾಡಿದವರು ಕೈಸುಟ್ಟುಕೊಂಡಿದ್ದಾರೆ. ಎಂಜಿನ್ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಉದ್ದನೆಯ ಬೋಲ್ಟುಗಳಿಂದ ಬಿಗಿದ ರಚನೆ: ಪಕ್ಕದ ತಟ್ಟೆಗಳು ಎರಕದ ಕಬ್ಬಿಣ, ನಡುವಿನ ಕುಳಿ ಅಲ್ಯೂಮಿನಿಯಂ. ಕಾದಾಗ ಅಲ್ಯೂಮಿನಿಯಂ ಹೆಚ್ಚು ಹಿಗ್ಗುತ್ತದೆ. ಒಮ್ಮೆ ಮಿತಿಮೀರಿ ಕಾದರೆ ನಡುವಿನ ರಬ್ಬರ್ ರಿಂಗುಗಳು ಬೆಂದು ಹೋಗಿ ನೀರು ಒಳಗೆ ಸೋರುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ, ಒದ್ದೆ ಪ್ಲಗ್, ರೇಡಿಯೇಟರಿನಲ್ಲಿ ಗುಳ್ಳೆ ಕಂಡರೆ ಆ ದಿನ ಹಾರಾಟ ಇಲ್ಲ.

ಹೊರಗಿನ ಗಾಳಿಯನ್ನು ಸೀದಾ ರೇಡಿಯೇಟರಿಗೆ ಬಡಿಸಿದರೂ ಸಾಲದು. ಸಣ್ಣ ಬಾಯಿಂದ ಒಳಗೆ ಬಿಟ್ಟು, ನಿಧಾನಕ್ಕೆ ಅಗಲವಾಗುವ ಕೊಳವೆಯಲ್ಲಿ ವೇಗ ತಗ್ಗಿಸಿದರೆ ಒತ್ತಡ ಏರಿ, ಗಾಳಿ ರೇಡಿಯೇಟರಿನ ಇಡೀ ಮೈಯನ್ನು ಹಾಯುತ್ತದೆ. ಕಾರಿನ ಏಸಿಯ ತಂಪು ಗೂಡುಗಳನ್ನೇ ರೇಡಿಯೇಟರ್ ಮಾಡಿಕೊಂಡವರು ಅಮೆರಿಕದಲ್ಲಿ ಹಲವರಿದ್ದಾರೆ. ಒತ್ತಡ ಸಾಕಷ್ಟು ಬಂತೇ ಎಂದು ನೋಡಲು ನೀರು ತುಂಬಿದ ಪಾರದರ್ಶಕ ಪೈಪು ಸಾಕು.

ನಮ್ಮ ಊರಿಗೆ ಇದರ ಲೆಕ್ಕ ಹಾಕಿ ನೋಡಿ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಇದ್ದರೆ ಗಾಳಿ ಎಷ್ಟು ತೆಳುವಾಗುತ್ತದೆಂದರೆ, ಎಂಜಿನ್ನಿಗೂ ರೆಕ್ಕೆಗೂ ಅದು ಸುಮಾರು 1,500 ಮೀಟರ್ ಎತ್ತರದ ಗಾಳಿ. ತಂಪು ದೇಶದಲ್ಲಿ ಸರಿಹೋದ ರೇಡಿಯೇಟರ್ ಅಳತೆ ಇಲ್ಲಿಗೆ ಹೊಂದುವುದಿಲ್ಲ.

ಟ್ಯೂನಿಂಗ್ ವಿಷಯಕ್ಕೆ ಬಂದರೆ, ಒಂದೊಂದು ರೋಟರಿಗೂ ಎರಡು ಪ್ಲಗ್: ಮುಂಚಿನದು (ಲೀಡಿಂಗ್), ಹಿಂಚಿನದು (ಟ್ರೇಲಿಂಗ್). ಓಡುವಾಗ ಮುಂಚಿನದನ್ನು ಬಂದ್ ಮಾಡಿದರೆ ಸುತ್ತು ಚೆನ್ನಾಗಿ ಬೀಳಬೇಕು, ಹಿಂಚಿನದನ್ನು ಬಂದ್ ಮಾಡಿದರೆ ಸ್ವಲ್ಪ ಮಾತ್ರ. ಉಲ್ಟಾ ಆದರೆ ಮುಂಚಿನ ಪ್ಲಗ್ ಆಗಲೇ ಮಂಕಾಗಿದೆ ಎಂದರ್ಥ. ಸೀಸ ಬೆರೆತ ವಿಮಾನ ಪೆಟ್ರೋಲು ಬಳಸಿದರೆ ಇದು ಬೇಗ ಆಗುತ್ತದೆ. ಸಣ್ಣ ಇಂಜೆಕ್ಟರುಗಳಿಂದ ನಾಲ್ಕೂ ಇಂಜೆಕ್ಟರಿಗೆ ದಾಟುವ ಹಂತದಲ್ಲಿ ಎಂಜಿನ್ ಮುಗ್ಗರಿಸಿದರೆ ಆ ಜಾಗದ ಮಿಶ್ರಣವನ್ನಷ್ಟೇ ತಿದ್ದಬೇಕು, ಇಡೀ ಇಂಧನ ನಕ್ಷೆಯನ್ನಲ್ಲ. ಶಕ್ತಿಯ ಆಸೆಗೆ ಟೈಮಿಂಗ್ ಮುಂದಕ್ಕೆ ತಳ್ಳುವುದು ಅತಿ ಅಪಾಯದ ಕೆಲಸ. ಒಮ್ಮೆ ನಾಕಿಂಗ್ ಹೊಡೆದರೆ 2 ಮಿ.ಮೀ. ದಪ್ಪ, 80 ಮಿ.ಮೀ. ಉದ್ದದ ಅಪೆಕ್ಸ್ ಸೀಲ್ ತುಂಡಾಗಿ ಗೋಡೆಯನ್ನು ಕೆರೆದುಬಿಡುತ್ತದೆ.

ಕರ್ನಾಟಕದ ಪಾಲು ಈಗ. ಅಮೆರಿಕದ ಬರ್ಟ್ ರುಟಾನ್ ಮನೆಯಲ್ಲಿ ಕಟ್ಟುವವರಿಗೆಂದೇ ರಚಿಸಿದ ಲಾಂಗ್-ಈಝೀ ವಿಮಾನವನ್ನು ಆಧರಿಸಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಒಂದು ಸಂಶೋಧನಾ ವಿಮಾನ ಕಟ್ಟಿ 1987ರಲ್ಲಿ ಹಾರಿಸಿತು. ಮುಂದಾಳು ಪ್ರೊ. ರುಸ್ತುಂ ದಮಾನಿಯಾ. ಅದೇ ಮೈಕಟ್ಟಿನಿಂದ ಬಂದ ಪೈಲಟ್ ರಹಿತ ವಿಮಾನಕ್ಕೆ ರುಸ್ತುಂ ಎಂದು ಅವರ ಹೆಸರನ್ನೇ ಇಟ್ಟರು. ಅದೇ ಹೆಸರು ಹೊತ್ತ ಮುಂದಿನ ವಿಮಾನ ರುಸ್ತುಂ-2 ಹಾರಿದ್ದು 2016ರಲ್ಲಿ, ನಮ್ಮ ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ. ಮನೆಯಲ್ಲಿ ಕಟ್ಟುವ ವಿಮಾನದ ನಕ್ಷೆ ದೇಶದ ರಕ್ಷಣಾ ಯೋಜನೆಯೊಂದರ ಬೇರಾಯಿತು ಎಂಬುದನ್ನು ನಾವು ಸಾಕಷ್ಟು ಹೇಳಿಕೊಂಡಿಲ್ಲ.

ರೋಟರಿ ಎಂಜಿನ್ ಬಂದದ್ದು ಇನ್ನೊಂದು ದಾರಿಯಿಂದ. ನಿಶಾಂತ್ ಎಂಬ ಪೈಲಟ್ ರಹಿತ ವಿಮಾನಕ್ಕೆ ವಿದೇಶದ ಎಂಜಿನ್ ತರಿಸುತ್ತಿದ್ದರು. ಅದರ ಬದಲಿಗೆ ಎನ್‌ಎಎಲ್, ಆಗಿನ ಅಹ್ಮದ್‌ನಗರದ ವಾಹನ ಸಂಶೋಧನಾ ಸಂಸ್ಥೆ ವಿಆರ್‌ಡಿಇ, ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆ ಎಡಿಇ ಮೂರೂ ಸೇರಿ 55 ಅಶ್ವಶಕ್ತಿಯ, ಸುಮಾರು 30 ಕೆ.ಜಿ. ತೂಕದ ವಾಂಕೆಲ್ ಎಂಜಿನ್ ಮಾಡಿದವು. 2009ರ ಏಪ್ರಿಲ್ 5ರಂದು ಅದು ನಿಶಾಂತ್‌ನಲ್ಲಿ 40 ನಿಮಿಷ ಹಾರಿತು. ಎನ್‌ಎಎಲ್ ಮಾಡಿದ್ದು ಈ ಎಂಜಿನ್ನಿನ ಹೃದಯಭಾಗ: ವಿಶೇಷ ಅಲ್ಯೂಮಿನಿಯಂ ಎರಕ ಮತ್ತು ಅದರ ಒಳಗೋಡೆಗೆ ನಿಕ್ಕಲ್–ಸಿಲಿಕಾನ್ ಕಾರ್ಬೈಡ್ ಲೇಪನ. ಜರ್ಮನಿಯಲ್ಲಿ ನಾಲ್ಕು ದಶಕ ಹಿಂದೆ ಹುಟ್ಟಿದ ವಿದ್ಯೆಯನ್ನು ನಮ್ಮವರು ನಮ್ಮಲ್ಲೇ ಕೈವಶ ಮಾಡಿಕೊಂಡರು. ಮುಂದೆ 2015ರಲ್ಲಿ ಸೇನೆ ನಿಶಾಂತ್ ಕೈಬಿಟ್ಟಿತು. ಆ ವಿಮಾನ ಹೋಯಿತೆಂದು ಎಂಜಿನ್ನಿನ ಸಾಧನೆಯನ್ನು ಮೂಲೆಗೆ ಸರಿಸಿದ್ದು ಅನ್ಯಾಯ.

13ಬಿ ಎಂಜಿನ್ನನ್ನು ಭಾಗ ಭಾಗ ಮಾಡಿ ಮೇಜಿನ ಮೇಲಿಟ್ಟರೆ ನಮ್ಮ ಜಿಲ್ಲೆಯವರಿಗೆ ಗುರುತು ಸಿಗದ ವಸ್ತು ಕಡಿಮೆ. ರೋಟರ್ ಎರಕದ ಕಬ್ಬಿಣ, ಪಕ್ಕದ ತಟ್ಟೆ ಎರಕದ ಕಬ್ಬಿಣ, ಶಾಫ್ಟ್ ಮಿಶ್ರಲೋಹದ ಉಕ್ಕು. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯ ಮಾಚೇನಹಳ್ಳಿಯ ಫೌಂಡ್ರಿಗಳು ವಾಹನ ಕಂಪನಿಗಳಿಗೆ ಎರಕ ಹೊಯ್ದುಕೊಡುತ್ತವೆ. ಶಿವಮೊಗ್ಗದ ಪರ್ಲೈಟ್ ಲೈನರ್ಸ್ ಹೆಸರಾದದ್ದೇ ಸಿಲಿಂಡರ್ ಲೈನರಿಗೆ. ರಿಂಗು ಉಜ್ಜುವ ಗೋಡೆ ಎಷ್ಟು ಗಟ್ಟಿ ಇರಬೇಕು, ಎಷ್ಟು ಎಣ್ಣೆ ಹಿಡಿದುಕೊಳ್ಳಬೇಕು ಎಂಬುದು ಇಲ್ಲಿಯವರ ದಿನನಿತ್ಯದ ಕೆಲಸ. ಭದ್ರಾವತಿಯ ಕಾರ್ಖಾನೆ 1923ರಲ್ಲಿ ಇದ್ದಿಲ ಉರಿಯಲ್ಲಿ ಕಬ್ಬಿಣ ತೆಗೆಯಲು ಆರಂಭಿಸಿ, ವಿಶ್ವೇಶ್ವರಯ್ಯನವರ ಆಡಳಿತದಲ್ಲಿ ನಷ್ಟದಿಂದ ಮೇಲೆದ್ದು, ಮುಂದೆ ವಿಶೇಷ ಉಕ್ಕಿಗೆ ಹೆಸರಾಯಿತು. ಈಗ ವಿಐಎಸ್‌ಎಲ್ ಎನಿಸಿದ ಆ ಕಾರ್ಖಾನೆಯನ್ನು ಮುಚ್ಚುವ ಮಾತು 2023ರ ಜನವರಿಯಲ್ಲಿ ಬಂದಾಗ ಕಾರ್ಮಿಕರು ಬೀದಿಗಿಳಿದರು. ಅಂದು ಪಣಕ್ಕಿದ್ದದ್ದು ಅವರ ಸಂಬಳದ ಜೊತೆಗೆ ನೂರು ವರ್ಷದ ಕೈಚಳಕ.

ಶಿವಮೊಗ್ಗದ ಜೆಎನ್‌ಎನ್ ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗಕ್ಕೆ, ಮಾಚೇನಹಳ್ಳಿಯ ಫೌಂಡ್ರಿ ಮಾಲೀಕರಿಗೆ ನನ್ನ ಕೋರಿಕೆ ಇಷ್ಟು. ಒಂದು ಹಳೆಯ 13ಬಿ ತರಿಸಿ ಬಿಚ್ಚಿ, ಪ್ರತಿ ಭಾಗವನ್ನೂ ಅಳೆಯಿರಿ. ಪಕ್ಕದ ತಟ್ಟೆಯ ಒಂದು ಪ್ಯಾಟರ್ನ್ ಮಾಡಿ ಇಲ್ಲಿಯೇ ಎರಕ ಹೊಯ್ಯಿರಿ. ಗೋಡೆಯ ಲೇಪನಕ್ಕೆ ಎನ್‌ಎಎಲ್ ಬಾಗಿಲು ತಟ್ಟಿರಿ. ಜೋಡಿಸಿದ ಎಂಜಿನ್ನನ್ನು ಸ್ಟ್ಯಾಂಡಿಗೆ ಕಟ್ಟಿ, ಏಪ್ರಿಲ್ ಬಿಸಿಲಿನಲ್ಲಿ, ಪೂರ್ತಿ ಶಕ್ತಿಯಲ್ಲಿ ನೂರು ಗಂಟೆ ಓಡಿಸಿ, ಮೂರು ಮುಖಗಳ ಕಂಪ್ರೆಷನ್ ಮತ್ತೆ ಅಳೆದು ಆ ಅಂಕಿಗಳನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಿರಿ. ವಿಮಾನಕ್ಕೆ ಕೂರಿಸುವ ಮಾತು ಅದಾದ ಮೇಲೆ.