ಚೀಲ ಕಾಯುವವಳ ಪಾಳಿ

ಫ್ರೆಂಚರು ಇದನ್ನು ‘ರಷ್ಯನ್ ಬೆಟ್ಟ’ ಎಂದು ಕರೆಯುತ್ತಾರೆ. ಸ್ಪೇನಿನವರೂ ಇಟಲಿಯವರೂ ಇಟ್ಟ ಹೆಸರು ಅದೇ. ರಷ್ಯದವರನ್ನು ಕೇಳಿದರೆ, ಅವರ ಭಾಷೆಯಲ್ಲಿ ಇದು ‘ಅಮೆರಿಕನ್ ಬೆಟ್ಟ’! ಊರೊಳಗೆ ಹೊಕ್ಕ ಹುಚ್ಚನ್ನು ಪಕ್ಕದೂರಿನದೆಂದು ಹೇಳಿ ಕೈತೊಳೆದುಕೊಳ್ಳುವ ರೂಢಿ ನಮ್ಮ ಕಡೆ ಮಾತ್ರ ಇದೆಯೆಂದು ನಾನು ತಿಳಿದಿದ್ದೆ. ಅಮೆರಿಕದವರು ರೋಲರ್ ಕೋಸ್ಟರ್ ಅಂದರು, ನಾವೂ ಅದನ್ನೇ ಅನ್ನುತ್ತೇವೆ. ಮನುಷ್ಯರನ್ನು ಬಂಡಿಯಲ್ಲಿ ಕೂಡಿಸಿ, ಎತ್ತರಕ್ಕೆ ಎಳೆದು, ಅಲ್ಲಿಂದ ಕೈಬಿಟ್ಟುಬಿಡುವ ಆಟ. ಮುಂದಿನದನ್ನೆಲ್ಲ ಭೂಮಿ ತಾನೇ ನೋಡಿಕೊಳ್ಳುತ್ತದೆ.

2019ರ ಜೂನ್ ತಿಂಗಳಲ್ಲಿ, ನನ್ನ ಅರವತ್ತೆರಡನೆಯ ವಯಸ್ಸಿನಲ್ಲಿ, ಈ ಆಟಕ್ಕೆಂದೇ ಅಮೆರಿಕದ ಓಹಾಯೊ ಸಂಸ್ಥಾನದ ಸೀಡರ್ ಪಾಯಿಂಟ್ ಎಂಬ ಕಡೆ ಒಂದು ಶನಿವಾರ ಮತ್ತು ರವಿವಾರ ಒಬ್ಬಳೇ ಇದ್ದು ಬಂದೆ. ಮಗಳ ಮನೆ ಕ್ಲೀವ್‌ಲ್ಯಾಂಡಿನ ಹತ್ತಿರ. ಅಲ್ಲಿಂದ ಪಶ್ಚಿಮಕ್ಕೆ ನೂರು ಕಿಲೋಮೀಟರಿನಷ್ಟು ದೂರ. ಹೇಳಿದಾಗ ಅವಳು ಒಲೆಯ ಮೇಲಿನ ಹಾಲನ್ನೂ ಮರೆತು ನನ್ನ ಮುಖ ನೋಡಿದಳು.

“ಅವ್ವಾ, ಒಬ್ಬಾಕೀನ ಹೋಗಿ ಏನ್ ಮಾಡ್ತಿ ಅಲ್ಲೆ? ಮುಂದಿನ ತಿಂಗಳ ನಾವೂ ಬರ್ತೇವಿ, ಎಲ್ಲಾರೂ ಕೂಡಿ ಹೋಗೋಣು.”

“ನೀವು ಬಂದ್ರ ನಾ ಮತ್ತ ಚೀಲಾ ಹಿಡಕೊಂಡು ಕೆಳಗ ನಿಂದರಬೇಕಾಗ್ತದ,” ಅಂದೆ.

ಇದು ಚೇಷ್ಟೆಯ ಮಾತಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವಳು ನಾನು. ಹುಡುಗಿಯರ ಪ್ರವಾಸಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಬಿಡದಿಯ ಹತ್ತಿರ 2005ರಲ್ಲಿ ವಂಡರ್‌ಲಾ ಆದ ಮೇಲೆ ಬೇಲೂರು–ಹಳೇಬೀಡಿನ ಜೊತೆಗೆ ಅದೂ ಪಟ್ಟಿಗೆ ಸೇರಿತು. ಅಲ್ಲಿ ನನ್ನ ಜಾಗ ಯಾವಾಗಲೂ ಒಂದೇ: ಬೇಲಿಯ ಈಚೆ, ಹದಿನೈದು ಚೀಲ, ಎಂಟು ಕನ್ನಡಕ ಮತ್ತು ಯಾರದೋ ಒದ್ದೆ ಚಪ್ಪಲಿಗಳ ನಡುವೆ. ಜಾತ್ರೆಯ ತೊಟ್ಟಿಲ ಹತ್ತಿರವೂ ಅಷ್ಟೇ. ನೀವೂ ಒಮ್ಮೆ ನೆನೆಸಿಕೊಂಡು ನೋಡಿರಿ. ಮಕ್ಕಳು ಮೇಲೆ, ಅವರ ಅಪ್ಪ ಮೇಲೆ, ಕೆಳಗೆ ಕತ್ತೆತ್ತಿ ನಿಂತು ‘ಜ್ವಾಕಿ, ಜ್ವಾಕಿ’ ಎಂದು ಕೂಗುವವರು ಯಾರು?

ಹೊರಡುವ ಮೊದಲು ಮಗಳ ಊರಿನ ಗ್ರಂಥಾಲಯದಲ್ಲಿ ಎರಡು ವಾರ ಕೂತು ಓದಿದೆ. ಮೇಷ್ಟ್ರಿಕೆ ಬಿಟ್ಟರೂ ಚಟ ಬಿಡದು.

ಮೊದಲು ಹಿಮದ ದೇಶ. ಸೇಂಟ್ ಪೀಟರ್ಸ್‌ಬರ್ಗಿನ ಜನ ಚಳಿಗಾಲದಲ್ಲಿ ಮರದ ಎತ್ತರದ ಅಟ್ಟ ಕಟ್ಟಿ, ಇಳಿಜಾರಿಗೆ ನೀರು ಸುರಿದು ಮಂಜುಗಟ್ಟಿಸಿ, ಅದರ ಮೇಲೆ ಜಾರುತ್ತಿದ್ದರು. ಕ್ಯಾಥರೀನ್ ಮಹಾರಾಣಿಗೆ ಇದು ಎಷ್ಟು ಹಿಡಿಸಿತೆಂದರೆ, ಬೇಸಿಗೆಯಲ್ಲೂ ಆಡಲೆಂದು ಒರಾನಿಯೆನ್‌ಬಾಮಿನ ತನ್ನ ಅರಮನೆಯ ತೋಟದಲ್ಲಿ ಗಾಲಿಯ ಬಂಡಿಗಳು ಓಡುವ ಗುಡ್ಡವನ್ನೇ ಕಟ್ಟಿಸಿದಳು. 1762ರಲ್ಲಿ ಶುರುವಾದ ಕೆಲಸ ಮುಗಿದದ್ದು 1774ರಲ್ಲಿ. ಜಾರುವ ದಾರಿಯನ್ನು ಮುಂದಿನ ಶತಮಾನದಲ್ಲಿ ಕೆಡವಿದರು. ಬಂಡಿ ಹತ್ತುತ್ತಿದ್ದ ನೀಲಿ-ಬಿಳಿ ಮಹಲು ಇನ್ನೂ ನಿಂತಿದೆ. ರಾಣಿಗೇನು, ಯಾರ ಅಪ್ಪಣೆ ಬೇಕು? ಹೆದರಬೇಕೆನಿಸಿದರೆ ಒಂದು ಬೆಟ್ಟ ಕಟ್ಟಿಸಿ ಹೆದರಿದಳು. ಪ್ಯಾರಿಸ್ಸಿಗೆ ಈ ಆಟ ಬಂದದ್ದು ನೆಪೋಲಿಯನ್ನನ ಯುದ್ಧಗಳು ಮುಗಿದ ಮೇಲೆ. 1817ರಲ್ಲಿ ಅಲ್ಲಿ ಬಂಡಿಗಳು ಹಳಿ ತಪ್ಪದಂತೆ ಗಾಲಿಯ ಅಚ್ಚನ್ನು ಕಾಲುವೆಯೊಳಗೆ ಸಿಕ್ಕಿಸುವ ಉಪಾಯವೂ ಆಯಿತು.

ಅಮೆರಿಕದ ಕಥೆ ಅರಮನೆಯಲ್ಲಿ ಹುಟ್ಟಲಿಲ್ಲ, ಕಲ್ಲಿದ್ದಲಿನ ಗಣಿಯಲ್ಲಿ ಹುಟ್ಟಿತು. ನನಗೆ ಇದೇ ಹೆಚ್ಚು ಹಿಡಿಸಿದ ಭಾಗ. ಪೆನ್ಸಿಲ್ವೇನಿಯದ ಮಾಕ್ ಚಂಕ್ ಎಂಬ ಊರಿನ ಮೇಲಿನ ಬೆಟ್ಟದಿಂದ ಕೆಳಗಿನ ನದಿಗೆ ಕಲ್ಲಿದ್ದಲು ಇಳಿಸಲು 1827ರಲ್ಲಿ ಒಂಬತ್ತು ಮೈಲಿಯ ಹಳಿ ಹಾಕಿದರು. ತುಂಬಿದ ಬಂಡಿಗಳು ತಮ್ಮ ಭಾರಕ್ಕೆ ತಾವೇ ಇಳಿಯುತ್ತಿದ್ದವು. ಖಾಲಿ ಬಂಡಿಗಳನ್ನು ಮೇಲಕ್ಕೆ ಎಳೆಯುವುದಕ್ಕೆ ಹೇಸರಗತ್ತೆಗಳು. ಆ ಕತ್ತೆಗಳು ಮತ್ತೆ ಕೆಳಗೆ ಬರಬೇಕಲ್ಲ? ಅವಕ್ಕೂ ಪ್ರತ್ಯೇಕ ಬಂಡಿ! ಕಲ್ಲಿದ್ದಲಿನ ಹಿಂದೆ, ಮೇವು ತಿನ್ನುತ್ತ, ಗಾಳಿಗೆ ಕಿವಿಯೊಡ್ಡಿ ಇಳಿದು ಬರುತ್ತಿದ್ದವಂತೆ. ಒಮ್ಮೆ ಹೀಗೆ ಕೂತು ಇಳಿದು ರೂಢಿಯಾದ ಮೇಲೆ ಅವು ಕಾಲ್ನಡಿಗೆಯಲ್ಲಿ ಬೆಟ್ಟ ಇಳಿಯಲು ಒಪ್ಪಲೇ ಇಲ್ಲವೆಂದು ಹೇಳುತ್ತಾರೆ. ಓದಿ ಗ್ರಂಥಾಲಯದಲ್ಲಿ ಗಟ್ಟಿಯಾಗಿ ನಕ್ಕುಬಿಟ್ಟೆ. ಕತ್ತೆಗಳಿಗೆ ಅನ್ಯಾಯ ಗೊತ್ತಾಗುವುದಿಲ್ಲ ಎಂದವರು ಯಾರು! 1870ರ ದಶಕದಲ್ಲಿ ಕಲ್ಲಿದ್ದಲಿಗೆ ಬೇರೆ ದಾರಿಯಾಯಿತು, ಈ ಹಳಿ ಪ್ರವಾಸಿಗಳದ್ದಾಯಿತು. ಜನ ದುಡ್ಡು ಕೊಟ್ಟು ಕತ್ತೆಗಳ ಸುಖ ಕೊಂಡರು.

ಅದನ್ನೇ ನೋಡಿ ಕಲಿತ ಲಾಮಾರ್ಕಸ್ ಥಾಂಪ್ಸನ್ ಎಂಬವನು ಮೊದಲು ದುಡ್ಡು ಮಾಡಿದ್ದು ಹೆಂಗಸರ ಕಾಲುಚೀಲಗಳಲ್ಲಿ. ಹೊಲಿಗೆಯಿಲ್ಲದ ಕಾಲುಚೀಲ ಹೆಣೆಯುವ ಯಂತ್ರ ಅವನದು. ಬಹಳ ದೈವಭಕ್ತ. ಜನ ಹೆಂಡದಂಗಡಿ ಬಿಟ್ಟು ಒಳ್ಳೆಯ ಗಾಳಿ-ಬೆಳಕಿಗೆ ಬರಲಿ ಎಂಬುದು ಅವನ ಆಸೆ. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನ ಸಮುದ್ರದಂಡೆಯಲ್ಲಿ ಅವನು ಕಟ್ಟಿದ ಬಂಡಿಯ ಶುಲ್ಕ ಐದು ಸೆಂಟ್, ವೇಗ ತಾಸಿಗೆ ಆರು ಮೈಲಿ. ನಮ್ಮ ಓಣಿಯ ಸೈಕಲ್ ಇದಕ್ಕಿಂತ ಜೋರು. ಸುಮಾರು ಆರುನೂರು ಅಡಿ ಹೋದ ಮೇಲೆ ಎಲ್ಲರೂ ಇಳಿಯಬೇಕು, ಆಳುಗಳು ಬಂಡಿಯನ್ನು ಮತ್ತೊಂದು ಅಟ್ಟಕ್ಕೆ ಏರಿಸಬೇಕು, ಆಮೇಲೆ ವಾಪಸು. ಕೂಡುವುದೂ ಮುಂದಕ್ಕೆ ಮುಖ ಮಾಡಿ ಅಲ್ಲ, ಬೆಂಚಿನ ಮೇಲೆ ಪಕ್ಕಕ್ಕೆ ಮುಖ ಮಾಡಿ, ಸಮುದ್ರ ನೋಡುತ್ತ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಆ ಐದು ಸೆಂಟ್ ಯಾರದು?

ಕ್ಯಾಥಿ ಪೀಸ್ ಎಂಬ ಇತಿಹಾಸಕಾರ್ತಿ ಆ ಕಾಲದ ನ್ಯೂಯಾರ್ಕಿನ ದುಡಿಯುವ ಹುಡುಗಿಯರ ಬಿಡುವಿನ ವೇಳೆಯ ಮೇಲೆ ಒಂದು ಪುಸ್ತಕ ಬರೆದಿದ್ದಾರೆ, 1986ರಲ್ಲಿ ಬಂದದ್ದು. ಹುಡುಗರು ಪಗಾರದಲ್ಲಿ ತಮ್ಮ ಖರ್ಚಿಗೆ ಇಟ್ಟುಕೊಂಡು ಉಳಿದದ್ದನ್ನು ಮನೆಗೆ ಕೊಡುವರು. ಹುಡುಗಿಯರು ಪಗಾರದ ಲಕೋಟೆಯನ್ನು ಒಡೆಯದೆ ತಾಯಿಯ ಕೈಯಲ್ಲಿಡುವುದು ರೂಢಿ. ದುಡಿತ ಇಬ್ಬರದೂ ಒಂದೇ. ರವಿವಾರ ಕೋನಿ ಐಲ್ಯಾಂಡಿಗೆ ಹೋಗಬೇಕೆನಿಸಿದ ಅಂಗಿ ಕಾರ್ಖಾನೆಯ ಹುಡುಗಿ, ಬಂಡಿಯ ರೊಕ್ಕ ಕೊಡುವ ಒಬ್ಬ ಹುಡುಗನನ್ನು ನೋಡಿಕೊಳ್ಳಬೇಕು. ಅದಕ್ಕೆ ‘ಟ್ರೀಟ್’ ಎಂದು ಹೆಸರು. ಟ್ರೀಟಿಗೆ ಪ್ರತಿಯಾಗಿ ಅವನು ಏನನ್ನೋ ಬಯಸುತ್ತಾನೆ. ಎಷ್ಟು ಕೊಡಬೇಕು, ಎಲ್ಲಿ ತಡೆಯಬೇಕು ಎಂಬ ಲೆಕ್ಕ ಬಂಡಿ ಇಳಿಯುವ ಹೊತ್ತಿನಲ್ಲೂ ತಲೆಯಲ್ಲಿ ನಡೆದಿರಬೇಕು. ಆಟಗಳನ್ನು ಕಟ್ಟಿದವರಿಗೂ ಇದು ಗೊತ್ತಿತ್ತು. ತಿರುವಿನಲ್ಲಿ ಒಬ್ಬರ ಮೇಲೊಬ್ಬರು ಬೀಳುವಂತೆಯೇ ಅಲ್ಲಿನ ಎಷ್ಟೋ ಆಟಗಳು ಇದ್ದವು. ಜೋಡಿಯಿಲ್ಲದವಳಿಗೆ ಅಲ್ಲಿ ಜಾಗ ಇರಲಿಲ್ಲವೆಂದಲ್ಲ, ಅವಳು ಬಂದಾಳೆಂದು ಯಾರೂ ಎಣಿಸಿರಲಿಲ್ಲ.

ನಮ್ಮಲ್ಲೇನು ಬೇರೆ? ನಾಗರಪಂಚಮಿಗೆ ತವರಿಗೆ ಬಂದಾಗ ಬೇವಿನ ಮರದ ಜೋಕಾಲಿಯಲ್ಲಿ ನಿಂತು ಆಕಾಶ ಮುಟ್ಟುವ ಹಾಗೆ ಜೀಕಬಹುದು. ಅತ್ತೆಯ ಮನೆಗೆ ಹೋದ ಮೇಲೆ ಮತ್ತೆ ಮುಂದಿನ ಪಂಚಮಿಯವರೆಗೆ ಕಾಲು ನೆಲದ ಮೇಲೆ.

ಸೀಡರ್ ಪಾಯಿಂಟ್ ಇರುವುದು ಈರೀ ಸರೋವರದೊಳಗೆ ಚಾಚಿಕೊಂಡ ನೆಲದ ಒಂದು ನಾಲಿಗೆಯ ಮೇಲೆ. 1870ರಲ್ಲಿ ಈಜುವವರಿಗೆಂದು ಶುರುವಾದ ಜಾಗ. 1892ರಲ್ಲಿ ಮೊದಲ ಜಾರುಬಂಡಿ ಬಂತು. ಶುಕ್ರವಾರ ಸಂಜೆ ಅಳಿಯ ಪಕ್ಕದ ಸ್ಯಾಂಡಸ್ಕಿ ಊರಿನ ಒಂದು ವಸತಿಗೃಹದ ಮುಂದೆ ನನ್ನನ್ನು ಇಳಿಸಿ, “ಅತ್ತೀ, ಫೋನ್ ಚಾರ್ಜ್ ಇಟ್ಟುಕೋರಿ,” ಎಂದು ಮೂರು ಸಲ ಹೇಳಿ ಹೋದ. ಡಬ್ಬಿಯಲ್ಲಿ ಚಪಾತಿ, ಶೇಂಗಾ ಚಟ್ನಿ. ಮೈಮೇಲೆ ದುಪಟ್ಟಾ ಇಲ್ಲದ ಚೂಡಿದಾರ. ಸೀರೆಯ ಸೆರಗಿಗೆ ಅಲ್ಲಿ ಕೆಲಸವಿಲ್ಲ. ರಕ್ತದೊತ್ತಡ, ಬೆನ್ನು, ಕುತ್ತಿಗೆ ಎಲ್ಲವನ್ನೂ ಡಾಕ್ಟರಿಗೆ ತೋರಿಸಿಯೇ ಬಂದಿದ್ದೆ.

ಶನಿವಾರ ಬೆಳಿಗ್ಗೆ ಮೊದಲು ಹತ್ತಿದ್ದು ಬ್ಲೂ ಸ್ಟ್ರೀಕ್. 1964ರಲ್ಲಿ ಮರದಲ್ಲಿ ಕಟ್ಟಿದ್ದು, ಎಪ್ಪತ್ತೆಂಟು ಅಡಿ ಎತ್ತರ. ಸ್ಯಾಂಡಸ್ಕಿಯ ಹೈಸ್ಕೂಲಿನ ಆಟದ ತಂಡಗಳಿಗೆ ಇರುವ ಹೆಸರನ್ನೇ ಇದಕ್ಕೂ ಇಟ್ಟಿದ್ದಾರೆಂದು ಕೇಳಿ ಶಾಲಾಮಾಸ್ತರಿಣಿಗೆ ಸಂತೋಷವಾಯಿತು. ಇಡೀ ಮರದ ಚೌಕಟ್ಟು ಹಳೆಯ ಅಟ್ಟದಂತೆ ಕಿರುಗುಟ್ಟಿತು. ಇಳಿದಾಗ ಕಾಲು ನಡುಗುತ್ತಿದ್ದವು, ಹಸಿವೆಯಾಗಿತ್ತು.

ಚೀಲ ಇಡಲು ಅಲ್ಲಿ ಕಬ್ಬಿಣದ ಕಪಾಟುಗಳಿವೆ, ಅದಕ್ಕೆ ಬಾಡಿಗೆ ಕೊಡಬೇಕು. ಇಷ್ಟು ವರ್ಷ ನಾವು ಪುಕ್ಕಟೆ ಮಾಡಿಕೊಂಡು ಬಂದ ಕೆಲಸ!

ಪಾಳಿಯಲ್ಲಿ ನಿಂತು ಎಲ್ಲ ಬಣ್ಣದ ಜನರನ್ನೂ ನೋಡುತ್ತಿದ್ದಾಗ ಇದೇ ಓಹಾಯೊದ ಇನ್ನೊಂದು ತುದಿಯ ಸಿನ್ಸಿನಾಟಿ ನೆನಪಾಯಿತು. ಅಲ್ಲಿಯೂ ಕೋನಿ ಐಲ್ಯಾಂಡ್ ಎಂಬ ಹೆಸರಿನದೇ ಒಂದು ಆಟದ ತೋಟವಿತ್ತು. 1952ರಲ್ಲಿ ಅದರ ಜಾಹೀರಾತು ಕೇಳಿ ಮಕ್ಕಳು ಹಟ ಹಿಡಿದಾಗ ಮೇರಿಯನ್ ಸ್ಪೆನ್ಸರ್ ಎಂಬ ಕರಿಯ ತಾಯಿ ಫೋನು ಮಾಡಿ, ಎಲ್ಲ ಮಕ್ಕಳೂ ಬರಬಹುದೇ ಎಂದು ಕೇಳಿದರು. ಬರಬಹುದು ಎಂದರು. ನಾವು ನೀಗ್ರೋಗಳು ಎಂದಾಗ ಉತ್ತರ ಬದಲಾಯಿತು. ಆಕೆ ಫೋನು ಇಟ್ಟು ಅಳುತ್ತ ಕೂಡಲಿಲ್ಲ, ಕೋರ್ಟಿಗೆ ಹೋದರು. 1955ರಲ್ಲಿ ಗೇಟು ತೆರೆಯಿತು. ಈಜುಕೊಳ ಮತ್ತು ಕುಣಿತದ ಅಂಗಳ ತೆರೆಯಲು 1961 ಆಗಬೇಕಾಯಿತು. ಮುಂದೆ ಅದೇ ಊರಿನ ನಗರಸಭೆಗೆ ಆರಿಸಿ ಬಂದ ಮೊದಲ ಕರಿಯ ಮಹಿಳೆಯೂ ಆಕೆಯೇ, 1983ರಲ್ಲಿ. ಆ ತೋಟದ ಆಟಗಳಲ್ಲಿ ಬಹಳಷ್ಟು 1972ರಲ್ಲಿ ತೆರೆದ ಕಿಂಗ್ಸ್ ಐಲ್ಯಾಂಡಿಗೆ ಹೋದವು. ಅಲ್ಲಿ ಹೊಸದಾಗಿ ಕಟ್ಟಿದ ‘ರೇಸರ್’ ಎಂಬ ಮರದ ಕೋಸ್ಟರಿನಿಂದಲೇ, ಆರ್ಥಿಕ ಕುಸಿತದಲ್ಲೂ ಯುದ್ಧದಲ್ಲೂ ಸಾಲುಸಾಲಾಗಿ ನೆಲಕಚ್ಚಿದ್ದ ಈ ಆಟಕ್ಕೆ ಮತ್ತೆ ಜೀವ ಬಂತು ಎನ್ನುತ್ತಾರೆ. ಯಾವ ಇತಿಹಾಸವೂ ಬರೀ ಎತ್ತರ-ವೇಗಗಳದಲ್ಲ.

ಮಧ್ಯಾಹ್ನ ಮ್ಯಾಗ್ನಮ್ ಹತ್ತಿದೆ. 1989ರಲ್ಲಿ ತೆರೆದಾಗ, ಪೂರ್ತಿ ಸುತ್ತು ಹೊಡೆಯುವ ಕೋಸ್ಟರುಗಳಲ್ಲಿ ಇನ್ನೂರು ಅಡಿ ದಾಟಿದ ಮೊದಲನೆಯದು ಇದು: 205 ಅಡಿ, ತಾಸಿಗೆ ಸುಮಾರು 115 ಕಿಲೋಮೀಟರ್. ಎರಡೆರಡು ಜನರ ಸಾಲು. ಒಬ್ಬಂಟಿಯಾದ ನನ್ನ ಪಕ್ಕಕ್ಕೆ ಇನ್ನೊಬ್ಬ ಒಬ್ಬಂಟಿ, ಹದಿನಾಲ್ಕು ವರ್ಷದ ಹುಡುಗ, ಬಂದು ಕೂತ. “ಮೊದಲ ಸಲವೇ?” ಎಂದು ಕೇಳಿದ. ಹೌದೆಂದೆ. “ಕಣ್ಣು ಮುಚ್ಚಬೇಡಿ,” ಎಂದ, ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುತ್ತಿದ್ದ ದನಿಯಲ್ಲೇ.

ಬಂಡಿ ಏರತೊಡಗಿದಾಗ ಕಟಕಟ ಕಟಕಟ ಸದ್ದು. ಕೇಳಿದವರಿಗೆ ಅದೇ ಹೆದರಿಕೆ, ನಿಜಕ್ಕೂ ಅದೇ ಧೈರ್ಯ. ಎಳೆಯುವ ಸರಪಳಿ ತುಂಡಾದರೂ ಬಂಡಿ ಹಿಂದಕ್ಕೆ ಜಾರದಂತೆ ಹಲ್ಲಿನ ಪಟ್ಟಿಗೆ ಬೀಳುವ ಕೊಂಡಿಯ ಸದ್ದದು. ಥಾಂಪ್ಸನ್ನನ ಹತ್ತಿರವೇ ಕೆಲಸ ಕಲಿತ ಜಾನ್ ಮಿಲ್ಲರ್ ಎಂಬ ಎಂಜಿನಿಯರ್ ಕೊಟ್ಟದ್ದು. 1919ರಲ್ಲಿ ಅವನೇ ಹಳಿಯ ಕೆಳಗೂ ಒಂದು ಗಾಲಿ ಹಾಕುವ ಪೇಟೆಂಟ್ ಪಡೆದ. ಮೇಲಿನ ಗಾಲಿ ಓಡಿಸುತ್ತದೆ, ಕೆಳಗಿನ ಗಾಲಿ ಬಂಡಿ ಹಾರಿಹೋಗದಂತೆ ಹಿಡಿಯುತ್ತದೆ. ಗುಡ್ಡದ ತಲೆಯಲ್ಲಿ ನಾವು ಪೀಠ ಬಿಟ್ಟು ಏಳುವಾಗ ಹಿಡಿದಿಡುವುದು ಆ ಕಾಣದ ಗಾಲಿ. ಹಾಗೆಂದು ಅಪಾಯವೇ ಇಲ್ಲವೆನ್ನಲಾರೆ. ಅದೇ ತೋಟದಲ್ಲಿ ಆಗ 420 ಅಡಿ ಎತ್ತರದ ಡ್ರ್ಯಾಗ್‌ಸ್ಟರ್ ಎಂಬುದಿತ್ತು, ನಾನು ಕೆಳಗಿನಿಂದಲೇ ಕೈಮುಗಿದೆ. 2021ರಲ್ಲಿ ಅದರ ಬಂಡಿಯ ಲೋಹದ ತುಂಡೊಂದು ಕಳಚಿ, ಪಾಳಿಯಲ್ಲಿದ್ದ ಒಬ್ಬ ಮಹಿಳೆಗೆ ತೀವ್ರ ಗಾಯವಾಗಿ ಅದನ್ನು ನಿಲ್ಲಿಸಿದರು. ಬದಲಿಸಿ ಕಟ್ಟಿ ಬೇರೆ ಹೆಸರಿನಲ್ಲಿ ತೆರೆದದ್ದು 2024ರಲ್ಲಿ.

ಮೇಲೆ ತಲುಪಿದಾಗ ಪಕ್ಕದಲ್ಲೇ ಸರೋವರ, ಆಚೆ ದಂಡೆ ಕಾಣದಷ್ಟು ದೊಡ್ಡದು. ಒಂದು ಕ್ಷಣ ಸದ್ದು ನಿಂತಿತು.

ನನ್ನ ಯಜಮಾನರು ಕೊನೆಯ ಆರು ವರ್ಷ ಹಾಸಿಗೆ ಹಿಡಿದಿದ್ದರು. ಆ ಆರು ವರ್ಷದಲ್ಲಿ ನಾನು ಹೆದರದ ರಾತ್ರಿಯಿಲ್ಲ. ಉಸಿರಾಟ ನಿಂತಿತೇ ಎಂದು, ಆಕ್ಸಿಜನ್ ತೀರಿತೇ ಎಂದು, ಮಗಳಿಗೆ ಈಗ ಫೋನು ಮಾಡಲೇ ಬೇಡವೇ ಎಂದು. ಅದಕ್ಕೂ ಮೊದಲು ಮಕ್ಕಳ ಜ್ವರ, ಪರೀಕ್ಷೆ, ಮಾವನವರ ಆಪರೇಶನ್. ಹೆದರಿಕೆ ನನಗೆ ಹೊಸದಲ್ಲ, ಆದರೆ ಆ ಯಾವ ಹೆದರಿಕೆಯೂ ನನ್ನ ಮೈಯದಾಗಿರಲಿಲ್ಲ. ಈಗ ಬಂದದ್ದು ಹೊಟ್ಟೆಯಿಂದ ಕಿತ್ತುಕೊಂಡು ಗಂಟಲಿಗೆ ಬಂದಿತು, ಪೂರಾ ನನ್ನದು. ಕಣ್ಣು ಮುಚ್ಚಲಿಲ್ಲ. ಕಿರುಚಿದೆ, ಕನ್ನಡದಲ್ಲೇ ಕಿರುಚಿದೆ, ಏನೆಂದು ಮಾತ್ರ ಇಲ್ಲಿ ಬರೆಯುವ ಹಾಗಿಲ್ಲ. ಎರಡು ನಿಮಿಷದಲ್ಲಿ ಎಲ್ಲ ಮುಗಿದು ಬಂಡಿ ನಿಂತಾಗ ಹುಡುಗ ಕೈಕುಲುಕಿ ಓಡಿಹೋದ. ನಾನು ಸುತ್ತು ಹಾಕಿ ಮತ್ತೆ ಅದೇ ಪಾಳಿಯ ಕೊನೆಗೆ ನಿಂತೆ.

ರವಿವಾರ ಸಂಜೆ ಕಾರಿನಲ್ಲಿ ಅಳಿಯನ ಜೊತೆ ಮಗಳೂ ಬಂದಿದ್ದಳು. ಎಷ್ಟು ಸಲ ಹತ್ತಿದೆ ಎಂದು ಕೇಳಿದಳು. ಎರಡೂ ದಿನ ಕೂಡಿ ಮ್ಯಾಗ್ನಮ್ ಒಂದೇ ಐದು ಸಲ ಎಂದೆ. ಅರ್ಧ ದಾರಿ ಸುಮ್ಮನಿದ್ದು ಆಮೇಲೆ ಮೆಲ್ಲಗೆ, “ಮುಂದಿನ ವರ್ಷ ನಾನೂ ಬರ್ತೇನವ್ವಾ, ನಾವಿಬ್ಬರ ಹೋಗೋಣು,” ಅಂದಳು.

“ಬಾ,” ಅಂದೆ. “ನಿನ್ನ ಟಿಕೀಟಿನ ರೊಕ್ಕಾ ನೀನ ತರಬೇಕು.”