ಯೂರಿಕ್ ಆ್ಯಸಿಡ್: ಕಳ್ಳನಾ, ಸಾಕ್ಷಿನಾ?

ಲ್ಯಾಬ್ ರಿಪೋರ್ಟ್‌ನಲ್ಲಿ ಯೂರಿಕ್ ಆ್ಯಸಿಡ್ ಪಕ್ಕ ‘ಹೈ’ ಅಂತ ಬಂದರೆ ಸಾಕು, ಮನೆಯಲ್ಲಿ ಮೊದಲು ಬೇಳೆ ಬಂದ್. ಆಮೇಲೆ ‘ಕಿಡ್ನಿ ಹೋಯ್ತು’ ಅನ್ನೋ ಭಯ. ಈ ಭಯಕ್ಕೂ ಒಂದು ಇತಿಹಾಸ ಇದೆ, ಕೇಳಿ.

1776ರಲ್ಲಿ ಸ್ವೀಡನ್‌ನ ಕಾರ್ಲ್ ಶೀಲೆ ಈ ಆಮ್ಲವನ್ನು ಮೂತ್ರದ ಕಲ್ಲಿನಲ್ಲಿ ಗುರುತಿಸಿದರು. ಆದರೆ ನನ್ನ ಫೇವರಿಟ್ ಲಂಡನ್ನಿನ ಡಾಕ್ಟರ್ ಆಲ್ಫ್ರೆಡ್ ಗ್ಯಾರಡ್. ಗೌಟ್ ಅಂದರೆ ಕೀಲು ಊದಿ ಉರಿಯುವ ಕಾಯಿಲೆ ಗೊತ್ತಲ್ಲ, ಆ ರೋಗಿಗಳ ರಕ್ತದಲ್ಲೇ ಯೂರಿಕ್ ಆ್ಯಸಿಡ್ ಇದೆ ಅಂತ 1848ರಲ್ಲಿ ತೋರಿಸಿದವರು ಅವರು. 1854ರಲ್ಲಿ ಇನ್ನೂ ಸುಲಭದ ದಾರಿ ಕೊಟ್ಟರು. ರಕ್ತದ ತಿಳಿಗೆ ಒಂದಿಷ್ಟು ಅಸಿಟಿಕ್ ಆ್ಯಸಿಡ್ ಹಾಕಿ, ಅದರಲ್ಲಿ ನಾರಿನ ದಾರ ಬಿಡೋದು. ಒಂದೆರಡು ದಿನದಲ್ಲಿ ದಾರಕ್ಕೆ ಹರಳು ಕಟ್ಟುತ್ತಿತ್ತು, ನಮ್ಮ ಕಲ್ಲುಸಕ್ಕರೆ ದಾರದ ಹಾಗೇ! ಕಿಡ್ನಿ ಸರಿಯಾಗಿ ಹೊರಹಾಕದಿರೋದೇ ಇದಕ್ಕೆ ಕಾರಣ ಇರಬೇಕು ಅನ್ನೋದು ಅವರ ಅನುಮಾನ.

ಕಿಡ್ನಿ ನಿಜಕ್ಕೂ ಏನು ಮಾಡುತ್ತೆ? ಸೋಸಿದ ಯೂರಿಕ್ ಆ್ಯಸಿಡ್‌ನಲ್ಲಿ ನೂರಕ್ಕೆ ಸುಮಾರು 90 ಪಾಲನ್ನು ವಾಪಸ್ ಎಳೆದುಕೊಳ್ಳುತ್ತೆ. ನನ್ನ ಬಿ.ಕಾಂ. ತಲೆಗೆ ಇದು ಯಾರೂ ಕೇಳದ ಕ್ಯಾಶ್‌ಬ್ಯಾಕ್. ಕಿಡ್ನಿ ಕೋಶದಲ್ಲಿ ಈ ಕೆಲಸ ಮಾಡುವ ಮುಖ್ಯ ಪ್ರೋಟೀನ್ ‘ಯುರಾಟ್-1’ ಜಪಾನಿನ ಸಂಶೋಧಕರಿಗೆ ಸಿಕ್ಕಿದ್ದು 2002ರಲ್ಲಿ. ತಮಾಷೆ ಅಂದ್ರೆ, ಅದನ್ನು ತಡೆಯುವ ಪ್ರೊಬೆನೆಸಿಡ್ ಮಾತ್ರೆಯನ್ನು ಡಾಕ್ಟರುಗಳು 1950ರ ದಶಕದಿಂದಲೇ ಕೊಡ್ತಿದ್ದರು. ಬಾಗಿಲು ಯಾವುದು ಅಂತ ಗೊತ್ತಿಲ್ಲದೇ ಬೀಗ ಹಾಕಿದ್ದರು!

ಅಷ್ಟರಲ್ಲಿ, 2001ರಲ್ಲಿ, ಇಲಿಗಳ ಮೇಲೆ ಒಂದು ಪ್ರಯೋಗ ಬಂತು. ಇಲಿಗಳಲ್ಲಿ ಯೂರಿಕ್ ಆ್ಯಸಿಡ್ ಒಡೆಯುವ ಯೂರಿಕೇಸ್ ಅನ್ನೋ ಕಿಣ್ವ ಇರುತ್ತೆ. ವಿಕಾಸದ ದಾರಿಯಲ್ಲಿ ನಾವು ಅದನ್ನು ಕಳೆದುಕೊಂಡಿದ್ದೇವೆ. ಅದನ್ನು ಔಷಧಿಯಿಂದ ತಡೆದಾಗ ಇಲಿಗಳ ಬಿ.ಪಿ. ಏರಿತು. ಕಿಡ್ನಿಯಲ್ಲಿ ಹರಳೇ ಇರಲಿಲ್ಲ, ಆದರೂ ರೆನಿನ್ ಅನ್ನೋ ಪ್ರೋಟೀನ್ ಹೆಚ್ಚಿತ್ತು, ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವ ಇಳಿದಿತ್ತು. ಕಳ್ಳ ಸಿಕ್ಕಿಬಿದ್ದ ಅಂತ ಎಷ್ಟೋ ಜನರಿಗೆ ಅನ್ನಿಸಿತು.

ಆದರೆ 2020ರಲ್ಲಿ ಮನುಷ್ಯರ ಮೇಲಿನ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಒಟ್ಟಿಗೆ ಬಂತು. ಒಂದರಲ್ಲಿ 369, ಇನ್ನೊಂದರಲ್ಲಿ 530 ಜನ. ಅಲೋಪ್ಯುರಿನಾಲ್ ಮಾತ್ರೆಯಿಂದ ಯೂರಿಕ್ ಆ್ಯಸಿಡ್ ಚೆನ್ನಾಗೇ ಇಳಿಯಿತು, ಕಿಡ್ನಿ ಸೋಲೋ ವೇಗ ಮಾತ್ರ ಇಳಿಯಲಿಲ್ಲ. ಕಿಡ್ನಿ ಸೋತರೂ ಯೂರಿಕ್ ಆ್ಯಸಿಡ್ ಏರುತ್ತೆ ಅಲ್ವಾ? ಹಾಗಾಗಿ ಅಲ್ಲಿ ಅದು ಬರೀ ಸಾಕ್ಷಿಯಾಗಿರಬಹುದು.

ಗೌಟ್ ಇದ್ದವರ ಮಾತ್ರೆ ಬೇರೆ ಲೆಕ್ಕ. ಈ ಎಪಿಸೋಡ್ ಕೇಳಿ ಅದನ್ನು ನಿಲ್ಲಿಸಬೇಡಿ, ಪ್ಲೀಸ್.